ಮೊದಲ ಆಯ್ಕೆ ತಳೇಗಾಂವ

ಜೂನ್ 3, ಮಧ್ಯಾಹ್ನ 3.30

ಊಟದ ಗಿರಾಕಿಗಳು ಖಾಲಿ. ಬನ್ಸ್ ಹಿಟ್ಟು ಉಬ್ಬುತ್ತಿದೆ. ಈ ಎರಡು ಗಂಟೆ ನಮ್ಮ ಹೋಟೆಲಿನ ಮೂಲೆ ಟೇಬಲ್ಲೇ ನನ್ನ ಆಫೀಸು. ಹತ್ತನೇ ಪಾಸಾದ ಮಕ್ಕಳಿಗೆ ಹನ್ನೊಂದನೇ ತರಗತಿಯ ಆನ್‌ಲೈನ್ ಫಾರ್ಮ್ ತುಂಬಿಕೊಡುವುದು. ಈ ವರ್ಷ ಹದಿನಾಲ್ಕು ಜನ. ಎಲ್ಲರ ಪಾಸ್‌ವರ್ಡೂ ನನ್ನ ಕೆಂಪು ಪುಸ್ತಕದಲ್ಲಿ. ಮಕ್ಕಳು ಮರೆಯುತ್ತವೆ, ನಾನು ಮರೆಯುವುದಿಲ್ಲ.

ಇವತ್ತು ಸೋನಾಲಿ. ಯಾದಗಿರಿ ಕಡೆಯವಳು. ಅಪ್ಪ ಜಟ್ಟೆಪ್ಪನದು ಸೆಂಟ್ರಿಂಗ್ ಕೆಲಸ, ಕಾಂಕ್ರೀಟಿಗೆ ಹಲಗೆ ಕಟ್ಟುವುದು. ಹಿಂದಿನ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡದ ಶೆಡ್ಡಿನಲ್ಲೇ ವಾಸ. ಎಂಬತ್ತೊಂಬತ್ತು ಪರ್ಸೆಂಟ್! ಪೇಟೆಯ ದೊಡ್ಡ ಸೈನ್ಸ್ ಕಾಲೇಜು ಸಿಗುತ್ತದೆ, ಒಂದೇ ಬಸ್ಸು. ಇವಳು ಮೊದಲ ಆಯ್ಕೆ ಬರೆಸಿದ್ದು ತಳೇಗಾಂವ ದಾಭಾಡೆಯ ಯಾವುದೋ ಕಾಲೇಜು. ನಮ್ಮ ಬಿಬವೇವಾಡಿಯಿಂದ ನಲವತ್ತು ಕಿಲೋಮೀಟರ್!

"ಯಾಕೆ ಮಾರಾಯ್ತಿ?"

"ಹಂಗ ಇರ್ಲಿ ಬಿಡ್ರಿ ಆಂಟಿ."

ಹಂಗ ಅಂತೆ. ತಲೆಗೆ ಹುಳ ಬಿಟ್ಟು ಹೋದಳು.

ಜೂನ್ 5

ಸೋನಾಲಿ ಮತ್ತೆ ಬಂದಿದ್ದಳು. ಅವಳ ನೋಟ್‌ಬುಕ್ಕಿನ ಕೊನೆಯ ಪುಟ ಕಣ್ಣಿಗೆ ಬಿತ್ತು. ಸರಿ, ಇಣುಕಿದೆ. 9 — ಮೇ 4. 10 — ಮೇ 19. 11 — ಜೂನ್ 2. ಕೆಳಗೆ 12, 13, ಮುಂದೆ ಖಾಲಿ. ಪಟ್ಟನೆ ಮುಚ್ಚಿದಳು.

ಪರೀಕ್ಷೆಯೇ? ವ್ರತವೇ? ಯಾವನನ್ನಾದರೂ ಭೇಟಿಯಾದ ದಿನಗಳೇ? ತಳೇಗಾಂವದಲ್ಲಿ ಯಾರಿದ್ದಾನೆ?

ಗಲ್ಲಾದಲ್ಲಿ ಕೂತ ಇವರಿಗೆ ಹೇಳಿದೆ. "ಗಿರಾಕಿ ಇಡ್ಲಿ ಕೇಳಿದ್ರೆ ಯಾಕೆ ಅಂತ ಕೇಳ್ತೀಯಾ ಪಂಕಜಾ? ನಿನಗೆಂತಕ್ಕೆ ಊರ ಉಸಾಬರಿ?" ಅಂದರು. ನನ್ನ ಗಂಡ ದೇವದಾಸರಿಗೆ ಯಾವುದರಲ್ಲೂ ಕುತೂಹಲವಿಲ್ಲ. ಹೇಗೆ ಬದುಕುತ್ತಾರೋ!

ಜೂನ್ 7, ಸಂಜೆ 5.10

ಫಾರ್ಮ್ ಲಾಕ್ ಮಾಡಲು ಆರು ಗಂಟೆ ಕೊನೆ. ಕೆಂಪು ಪುಸ್ತಕ ತೆರೆದೆ. ಸೋನಾಲಿಯ ಪಾಸ್‌ವರ್ಡ್ ಹಾಕಿದೆ. ಪೇಟೆಯ ಕಾಲೇಜು ಒಂದನೆಯದು, ತಳೇಗಾಂವ ಎರಡನೆಯದು. ಲಾಕ್.

ಅವಳ ಒಳ್ಳೆಯದಕ್ಕೇ. ಮುಂದೆ ಅವಳೇ ನೆನೆಸಿಕೊಳ್ಳುತ್ತಾಳೆ.

ಜೂನ್ 28

ಲಿಸ್ಟ್ ಬಂತು. ಪೇಟೆಯ ಕಾಲೇಜೇ! ಬಿಸಿ ಗೋಳಿಬಜೆ ತಟ್ಟೆ ಸೋನಾಲಿಯ ಮುಂದಿಟ್ಟೆ. ಮುಟ್ಟಲಿಲ್ಲ.

"ಆಂಟಿ, ನೀವು ಬದಲ್ ಮಾಡಿದ್ರೇನ್ರಿ?"

ಬೈದಿದ್ದರೂ ಬೇಕಿತ್ತು. ಮೆಲ್ಲಗೆ ಕೇಳಿದಳು. ಆಮೇಲೆ ಆ ಕೊನೆಯ ಪುಟ ತಾನೇ ತೋರಿಸಿದಳು. ಅವು ಸ್ಲ್ಯಾಬುಗಳ ಲೆಕ್ಕ. ಅಪ್ಪನ ಕಟ್ಟಡದ ಯಾವ ಮಹಡಿಗೆ ಯಾವತ್ತು ಕಾಂಕ್ರೀಟು ಬಿತ್ತು ಎಂದು.

"ಹದಿಮೂರನೇದ ಕಡೀದು. ಅದು ಬಿದ್ರ ಸೆಂಟ್ರಿಂಗ್‌ನವ್ರಿಗೆ ಇಲ್ಲಿ ಕೆಲ್ಸ ಇಲ್ರಿ. ಶೆಡ್ ಕೀಳ್ತಾರ. ಮುಂದಿನ ಸೈಟು ತಳೇಗಾಂವದಾಗ. ಇಪ್ಪತ್ತೆರಡು ಮಾಳಗಿ, ಎರಡು ವರ್ಷ ಪಕ್ಕಾ. ಹನ್ನೊಂದು, ಹನ್ನೆರಡು ಒಂದ ಕಾಲೇಜಿನ್ಯಾಗ ಮುಗೀತಿತ್ರಿ."

ಹತ್ತನೆಯವರೆಗೆ ಏಳು ಶಾಲೆಯಂತೆ. ಕಟ್ಟಡ ಮುಗಿದಾಗೆಲ್ಲ ಶಾಲೆಯೂ ಮುಗಿಯಿತು.

"ಮೊದಲೇ ಹೇಳಬಾರದಿತ್ತಾ?"

"ನಡುವ ಬಿಟ್ಟು ಹೋಗೋರು ಅಂತ ಗೊತ್ತಾದ್ರ ಸೀಟ್ ಕೊಡಂಗಿಲ್ರಿ. ಒಮ್ಮೆ ಹಂಗ ಆಗ್ಯದ, ಅದಕ್ಕ ಯಾರ ಮುಂದೂ ಹೇಳಂಗಿಲ್ರಿ."

ಮೊದಲ ಆಯ್ಕೆ ಸಿಕ್ಕಿದರೆ ಸೇರಲೇಬೇಕು. ಇಲ್ಲವಾದರೆ ಮುಂದಿನ ಸುತ್ತುಗಳಿಂದ ಹೊರಗೆ. ಜುಲೈ 1 ಕೊನೆ. ಹುಡುಗ ಅಂದುಕೊಂಡೆನಲ್ಲ, ಥೂ. ನಾಚಿಕೆಯಾಗುತ್ತಿದೆ.

ಜೂನ್ 29

ಶೆಡ್ಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಸೋನಾಲಿಯ ಅಮ್ಮ ಮರೆಮ್ಮ, "ಒಂದ್ ಮಾತು ಕೇಳಬೇಕಿತ್ರಿ ಅಕ್ಕಾರ" ಅಂದಳು.

ನಮ್ಮ ಮನೆಯಲ್ಲೇ ಇರಲಿ ಅಂದೆ.

"ಮಗಳನ್ನ ಮಂದಿ ಮನ್ಯಾಗ ಬಿಡಂಗಿಲ್ರಿ" ಅಂದ ಜಟ್ಟೆಪ್ಪ.

ಸೋನಾಲಿ, "ಲೋಕಲ್ ರೈಲು ಅದಲ್ರಿ. ನಾಳೆ ಹೋಗಿ ನೋಡೂಣು" ಅಂದಳು.

ಜೂನ್ 30

ಪೇಟೆಯ ಕಾಲೇಜಿನ ಗೇಟಿನಿಂದ ಸ್ಟೇಷನ್. ಲೋಕಲ್. ತಳೇಗಾಂವದಲ್ಲಿ ಇಳಿದು ಹೊಸ ಸೈಟಿನವರೆಗೆ ನಡಿಗೆ. ಪ್ರತಿಯೊಂದರ ಮುಂದೆ ನಿಮಿಷ ಬರೆದಳು, ಅದೇ ಕೊನೆಯ ಪುಟದಲ್ಲಿ. ಒಟ್ಟು ಒಂದು ಗಂಟೆ ಐವತ್ತು. ನನ್ನ ಮೊಣಕಾಲು ಹೋಯಿತು. ಸೈಟಿನಲ್ಲಿ ಇರುವುದು ಒಂದು ದೊಡ್ಡ ಗುಂಡಿ, ಅದರ ತುಂಬ ಮಳೆನೀರು.

"ಏನು ಮಾಡುವ?" ಅಂತ ಕೇಳಿ ಬಾಯಿ ಮುಚ್ಚಿಕೊಂಡೆ. ಎಷ್ಟು ಕಷ್ಟ!

ಗುಂಡಿಯನ್ನೇ ನೋಡುತ್ತ ನಿಂತಳು. "ಇದು ಮ್ಯಾಲ ಏಳೋತನಾ ನಾನೂ ಓಡಾಡ್ತೀನ್ರಿ. ಆಗ್ತದ."

ಜುಲೈ 1, ಮಧ್ಯಾಹ್ನ 3.45

ಸೋನಾಲಿ ಬಂದಳು. ನನ್ನ ಕುರ್ಚಿ ಬಿಟ್ಟುಕೊಟ್ಟೆ. ಸೀಟು ಒಪ್ಪಿಗೆ ಅಂತ ಅವಳೇ ಒತ್ತಿದಳು. ಆಮೇಲೆ ಪಾಸ್‌ವರ್ಡ್ ಬದಲಾಯಿಸಿದಳು. ನಾನು ಅಡುಗೆಮನೆ ಕಡೆ ಮುಖ ತಿರುಗಿಸಿ ನಿಂತೆ. ಕೆಂಪು ಪುಸ್ತಕದಲ್ಲಿದ್ದ ಹಳೆಯದನ್ನು ಅವಳ ಕೈಯಲ್ಲೇ ಹೊಡೆದುಹಾಕಿಸಿದೆ. ಗೋಳಿಬಜೆ ಎರಡು ತಟ್ಟೆ ತಿಂದಳು, ಸಮಾಧಾನವಾಯಿತು.

ಹೊಸದು ಏನಿಟ್ಟಳೋ? ಸೈಟಿನ ಹೆಸರೋ, ಲೋಕಲ್ಲಿನ ಟೈಮೋ... ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ.

ಪುಸ್ತಕದಲ್ಲಿ ಇನ್ನೂ ಹದಿಮೂರು ಪಾಸ್‌ವರ್ಡ್ ಉಳಿದಿವೆ. ನಾಳೆ ಎಲ್ಲರನ್ನೂ ಕರೆದು ಅವರವರ ಕೈಯಲ್ಲೇ ಹೊಡೆದುಹಾಕಿಸಬೇಕು.