ಅಕ್ಟೋಬರಿನಲ್ಲಿ ಕಟ್ಟಿದ ಗೂಡು

ಅಕ್ಟೋಬರ್ 14, ಮಂಗಳವಾರ

ಒಪ್ಪಿದ, ಕೊನೆಗೂ ಒಪ್ಪಿದ — ನವೆಂಬರ್ ಮೂರನೇ ವಾರ ನಮ್ಮ ಮದುವೆ ರಿಜಿಸ್ಟರ್. ಹಾಲ್‌ನಲ್ಲಿ ಮದುವೆಯಾಗಿ ಐದು ವಾರ ಮೂರು ದಿನ. ಕಾಗದದ ಮೇಲೆ ಮಾತ್ರ ನಾನಿನ್ನೂ ಕುಮಾರಿ ಸೆರಿನ್. ಗೆಳತಿಯರೆಲ್ಲ ಹಾಗೇ ಬಿಡಿ, ಊಟ ಹಾಕಿಸಿ ಫೋಟೊ ತೆಗೆಸಿ ವರ್ಷವಾದರೂ ರಿಜಿಸ್ಟರ್ ಮಾಡಿಸುವುದಿಲ್ಲ. ನನಗೆ ಮಾತ್ರ ಬೇಕು. ಸರಕಾರಿ ಕಾಗದದಲ್ಲಿ ಅವನ ಹೆಸರಿನ ಪಕ್ಕ ನನ್ನ ಹೆಸರು... ಬರೆಯುವಾಗಲೇ ನಗು ಬರುತ್ತಿದೆ.

ಗಿಜುನ್ ಫೋನಿನಲ್ಲಿ, "ಅಲ್ಲಿಂದ ಸಿಯೋಲ್‌ವರೆಗೆ ನೀನ್ಯಾಕೆ ಒದ್ದಾಡ್ತೀಯ. ಒಬ್ಬರು ಹೋದ್ರೆ ಸಾಕು. ಫಾರಂ ನಾನೇ ತುಂಬ್ತೀನಿ, ನಿನ್ನ ಮೊಹರು ಕೊಟ್ಬಿಡು" ಎಂದ. ಎಷ್ಟು ಕಾಳಜಿ. ಸಹಿಗೆ ಬದಲು ಒತ್ತುವ ನನ್ನ ಹೆಸರಿನ ಮೊಹರು ಅಮ್ಮನ ಮನೆಯ ಡ್ರಾಯರ್‌ನಲ್ಲಿದೆ. ಕೊರಿಯರ್ ಮಾಡು ಎಂದು ಅಮ್ಮನಿಗೆ ಮೆಸೇಜ್ ಹಾಕಿದೆ, ಹನ್ನೊಂದು ಹೃದಯ ಅಂಟಿಸಿ.

ಇಲ್ಲಿ ಯೊಂಗ್‌ದೊಂಗ್‌ನಲ್ಲಿ ಅತ್ತೆಯ ಮನೆಯಲ್ಲಿ ಇನ್ನೂ ಒಂದು ತಿಂಗಳಾದರೂ ಇರಬೇಕು. ಸುಗ್ಗಿ ಹಬ್ಬಕ್ಕೆ ಬಂದ ದಿನವೇ ಅತ್ತೆ ಅಂಗಳದಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಹಿತ್ತಲು ತುಂಬ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣು. ಸಿಪ್ಪೆ ಹೆರೆದು ದಾರಕ್ಕೆ ಪೋಣಿಸಿ ಸೂರಿನ ಕೆಳಗೆ ಒಣಗಲು ಕಟ್ಟುವವರು ಯಾರು? ನಾನಿರುತ್ತೇನೆ ಎಂದೆ. ನಾನು ಕಲಿಸುವ ಇಂಗ್ಲಿಷ್ ಕ್ಲಾಸು ಲ್ಯಾಪ್‌ಟಾಪ್‌ನಲ್ಲಿ, ಎಲ್ಲಿಂದಾದರೂ ನಡೆಯುತ್ತದೆ. ಗಿಜುನ್ ಶುಕ್ರವಾರ ರಾತ್ರಿ ಬಂದು ಭಾನುವಾರ ಹೋಗುತ್ತಾನೆ. ಪ್ರತಿ ವಾರ ಹೊಸದಾಗಿ ಮದುವೆಯಾದ ಹಾಗೆ.

ಇನ್ನೊಂದು ಸಂಗತಿ. ಹಿತ್ತಲಿನ ದೊಡ್ಡ ಮರದಲ್ಲಿ ಒಂದು ಜೋಡಿ ಕಾಚಿ ಗೂಡು ಕಟ್ಟುತ್ತಿದೆ. ಕಪ್ಪು-ಬಿಳಿ ಮೈ, ಉದ್ದ ಬಾಲ, ಕಾಗೆಯ ನೆಂಟ. ಶಾಲೆಯಲ್ಲಿ ಮ್ಯಾಗ್‌ಪೈ ಎಂಬ ಇಂಗ್ಲಿಷ್ ಹೆಸರು ಕಲಿತೆ. ಅತ್ತೆಯ ಬಾಯಲ್ಲಿ ಕಾಚಿ ಎಂದು ಕೇಳಿದರೆ ಅದರ ಕೂಗೇ ಕೇಳಿದಂತೆ. ಅವು ಗೂಡಿಗೆ ಕಡ್ಡಿ ಹೊರುವುದು ಚಳಿ ಮುಗಿಯುವ ಹೊತ್ತಿಗೆ. ಇವು ಹಣ್ಣಿನ ಕಾಲದಲ್ಲೇ ಹೊರುತ್ತಿವೆ.

"ಅರವತ್ತು ವರ್ಷದಲ್ಲಿ ನೋಡಿಲ್ಲ ನಾನು" ಎಂದರು ಅತ್ತೆ.

ನಾನು ನೋಡಿದ್ದೇನೆ. ನಮ್ಮ ಹಾಗೇ. ತಡೆಯಲಾಗದವು.

ಅಕ್ಟೋಬರ್ 16, ಗುರುವಾರ. ಬೆಳಗ್ಗೆ 6:40

ಕಿಟಕಿಯ ಹೊರಗೇ ಕೂಗು. ಬೆಳಗ್ಗೆ ಕಾಚಿ ಕೂಗಿದರೆ ಬೇಕಾದವರು ಬರುತ್ತಾರೆ — ಇದು ನಮ್ಮಮ್ಮನಂಥ ಪಟ್ಟಣದವಳೂ ನಂಬುವ ಮಾತು. ನಾಳೆ ಗಿಜುನ್ ಬರುತ್ತಾನಲ್ಲ. ಒಂದು ದಿನ ಮೊದಲೇ ಸುದ್ದಿ.

ಅತ್ತೆ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಸ್ಟೇಷನ್ ರಸ್ತೆಯ ಕಡೆ ಮುಖ.

"ಅವನು ಬರೋದು ನಾಳೆ ಅಲ್ವಾ ಅತ್ತೆ?"

"ಹೂಂ. ಸುಮ್ನೆ ನಿಂತೆ ಕೂಸೇ."

ಹೊಸ ಸೊಸೆಯನ್ನು ಕೂಸೇ ಎಂದು ಕರೆಯುವುದು ಇಲ್ಲಿನ ವಾಡಿಕೆ. ಇಪ್ಪತ್ತೊಂಬತ್ತು ವರ್ಷದ ಕೂಸು. ನನಗೆ ಇಷ್ಟ.

ಪಕ್ಕದ ಮನೆಯ ಓಕ್‌ಬುನ್ ಅಜ್ಜಿ ಬೇಲಿಯಾಚೆಯಿಂದ ಗೂಡು ನೋಡಿ, "ಈ ಮನೆಗೆ ಹೊಸ ಹೆಣ್ಣು ಬಂದದ್ದೇ ಬಂದದ್ದು, ಹಕ್ಕಿಗಳಿಗೂ ತಿಂಗಳು ಯಾವುದು ಅಂತ ಮರೆತೋಯ್ತು" ಎಂದರು. ನಾಚಿಕೆಯಾಯಿತು. ಒಳಗೆ ಬಂದು ಇದನ್ನೆಲ್ಲ ಗಿಜುನ್‌ಗೆ ಟೈಪ್ ಮಾಡಿದೆ. ಉತ್ತರ: "ಹ್ಹ ಹ್ಹ. ಮೊಹರು ಬಂತಾ?"

ಅಕ್ಟೋಬರ್ 19, ಭಾನುವಾರ

ಹೋದ. ದಿಂಬಿನಲ್ಲಿ ಇನ್ನೂ ಅವನ ಶಾಂಪೂ ವಾಸನೆ.

ಶನಿವಾರ ಇಡೀ ದಿನ ಹಣ್ಣು ಕಿತ್ತೆವು. ಅವನು ಏಣಿ ಮೇಲೆ, ನಾನು ಕೆಳಗೆ ಬುಟ್ಟಿ ಹಿಡಿದು. ಜೂನ್‌ನಲ್ಲಿ ತಾನೇ ಹಾಕಿಸಿದ ಸೂರಂಚಿನ ಮಳೆನೀರಿನ ನೀಲಿ ದೋಣಿಯನ್ನು ಬಡಿದು ತೋರಿಸಿದ — "ಹಳೇ ತಗಡು ತೆಗೆಸಿ ಪ್ಲಾಸ್ಟಿಕ್ಕಿಂದು. ಇಪ್ಪತ್ತು ವರ್ಷ ಅಲ್ಲಾಡಲ್ಲ." ದೋಣಿಯ ಬಗ್ಗೆ ಇಷ್ಟು ಹೆಮ್ಮೆ ಪಡುವ ಗಂಡಸನ್ನು ಪ್ರೀತಿಸದೆ ಏನು ಮಾಡಲಿ.

ಕಾಚಿಗಳ ಕೂಗು ಮಾತ್ರ ಅವನಿಗೆ ಆಗಿಬರಲಿಲ್ಲ. ಉದ್ದ ಕೋಲು ತಂದು ಗೂಡು ಕೆಡವಲು ಹೋದ.

"ಬಿಡು ಅದನ್ನ" ಅತ್ತೆ ಎಂದರು.

"ದಿನಾ ಕೂಗುತ್ವೆ, ದಿನಾ ನೀನು ಹೋಗಿ ಗೇಟಲ್ಲಿ ನಿಲ್ತೀಯ. ಸಾಕಮ್ಮ."

"ನಿಲ್ಲೋಕೂ ನಿನ್ನ ಪರ್ಮಿಷನ್ ಬೇಕೇನೋ?"

ಅವನು ಕೋಲನ್ನು ಗೋಡೆಗೆ ಒರಗಿಸಿದ. ಊಟವಾದ ಮೇಲೆ ಅವನು ರಿಜಿಸ್ಟರ್ ಫಾರಂ ತೆಗೆದು ಸಾಕ್ಷಿಗಳ ಜಾಗವನ್ನಷ್ಟೇ ಮೇಲೆ ಬರುವಂತೆ ಮಡಚಿ ಅತ್ತೆಯ ಮುಂದಿಟ್ಟ. ಅತ್ತೆ ಎಡಗೈಯಲ್ಲಿ ಮೊಹರು ಒತ್ತಿದರು. ಸೊಟ್ಟಗೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ನನ್ನ ಮೊಹರು ಬಂದಿರಲಿಲ್ಲ, ಅದಿದ್ದರೆ ಅಲ್ಲೇ ಒತ್ತಿಬಿಡುತ್ತಿದ್ದೆ.

ಅಕ್ಟೋಬರ್ 24, ಶುಕ್ರವಾರ

ಮೊಹರು ಬಂತು. ಅವನು ಬರಲಿಲ್ಲ, ಓವರ್‌ಟೈಮ್. "ಕೊರಿಯರ್ ಮಾಡ್ಬಿಡು" ಎಂದ. ಬೇಡ, ನಾನೇ ಕೈಗೆ ಕೊಡುತ್ತೇನೆ, ಆ ಕ್ಷಣ ಬೇಕು ನನಗೆ ಎಂದೆ. ಫೋನಿಟ್ಟ.

ಅವನಿಲ್ಲದ ಬೇಸರಕ್ಕೆ ಕೆಲಸ ಹಚ್ಚಿಕೊಂಡೆ. ಮರದ ತುದಿಯಲ್ಲಿ ಒಂಬತ್ತು ಹಣ್ಣು ಉಳಿದಿದ್ದವು. ಬಲೆ ಕಟ್ಟಿದ ಕೋಲಿನಿಂದ ಒಂದೊಂದನ್ನೂ ಇಳಿಸಿದೆ. ಕೊನೆಯದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆಗೆ ತೋರಿಸಲು ಬುಟ್ಟಿ ಎತ್ತಿಕೊಂಡು ಓಡಿದೆ.

ಅವರ ಮುಖ ಬಿಳುಚಿತು. "ಅವು ಕಾಚಿಗಳದು. ತುದಿದು ಕೀಳಬಾರದು ಕೂಸೇ. ಯಾರೂ ಕೀಳಲ್ಲ."

ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಚಳಿಗಾಲದ ಚಿತ್ರಗಳಲ್ಲೆಲ್ಲ ಬೋಳು ಮರದ ತುದಿಗೆ ಕೆಂಪು ಹಣ್ಣು ನೋಡಿದ್ದೆ. ಆದರೆ ಈ ಹಿತ್ತಲಿನ ಈ ಮರಕ್ಕೂ ಅದೇ ಲೆಕ್ಕ ಎಂದು ಹೊಳೆಯಲೇ ಇಲ್ಲ. ನಾಚಿಕೆಯಿಂದ ಅತ್ತುಬಿಟ್ಟೆ. ಅವರು ಎಡಗೈಯಿಂದ ತಲೆ ಸವರಿದರು.

ಅಕ್ಟೋಬರ್ 30, ಗುರುವಾರ. ಮಧ್ಯಾಹ್ನ

ಬರೆದಿಡಬೇಕು. ಬರೆದರೆ ಕ್ರಮ ಸಿಗಬಹುದು.

ತುದಿಯ ಹಣ್ಣು ಹೋದ ಮೇಲೆ ಕಾಚಿಗಳು ಒಣಗಲು ಕಟ್ಟಿದ ಹಣ್ಣಿನ ಮೇಲೆ ಬಿದ್ದವು. ಕಿತ್ತದ್ದನ್ನು ತಿನ್ನದೆ ಸೂರಿನ ದೋಣಿಯಲ್ಲಿ ತುರುಕಿದವು. ಚಳಿಗೆ ದಾಸ್ತಾನು. ನಿನ್ನೆಯ ಮಳೆಗೆ ದೋಣಿ ಕಟ್ಟಿಕೊಂಡು ನೀರೆಲ್ಲ ಹಣ್ಣಿನ ಮೇಲೆ ಸುರಿಯಿತು. ಬೆಳಗ್ಗೆ ಏಣಿ ಇಟ್ಟು ಹತ್ತಿದೆ, ಕೈ ಹಾಕಿ ಬಳಿದೆ. ಹಣ್ಣಿನ ರಾಡಿ, ಎಲೆ, ಓಕ್ ಕಾಯಿ, ನೆಲಗಡಲೆ.

ಜೊತೆಗೆ ಒಂದು ಹಲ್ಲು.

ಹಾಲುಹಲ್ಲು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹಲ್ಲು ಬಿದ್ದರೆ ನಾವೆಲ್ಲ ಸೂರಿನ ಮೇಲೆ ಎಸೆಯುತ್ತೇವೆ: ಕಾಚಿ, ಹಳೇದು ತಗೋ, ಹೊಸದು ಕೊಡು. ಗಿಜುನ್‌ನದೇ ಇರಬೇಕು ಎಂದು ಏಣಿಯ ಮೇಲೆಯೇ ಮುತ್ತು ಕೊಟ್ಟೆ ಅದಕ್ಕೆ. ದೇವರೇ. ಮುತ್ತು ಕೊಟ್ಟೆ.

ಇಳಿಯುವಾಗ ದೋಣಿ ಹಿಡಿದುಕೊಂಡೆ. ನೀಲಿ ಪ್ಲಾಸ್ಟಿಕ್. ಜೂನ್‌ನಲ್ಲಿ ಹಾಕಿಸಿದ್ದು.

ಸಂಜೆ

"ಅತ್ತೆ, ಈ ಬೇಸಿಗೇಲಿ ಯಾವ ಮಗು ಬಂದಿತ್ತು ಇಲ್ಲಿಗೆ?"

ಅಂಗೈ ಚಾಚಿದೆ. ಅವರು ಹಲ್ಲು ನೋಡಿದರು. ಕೂತರು.

"ಸೋದಮ್. ಏಳು ವರ್ಷ. ದೇಗುನಲ್ಲಿ ತಾಯಿ ಹತ್ರ ಇದಾಳೆ. ಜುಲೈ ರಜಕ್ಕೆ ಬಂದಿದ್ಲು. ಇದೇ ಜಗಲೀಲಿ ಬಿತ್ತು ಹಲ್ಲು, ಗಿಜುನ್ ಎತ್ತಿ ಹಿಡ್ಕೊಂಡ, ಅವಳೇ ಎಸೆದ್ಲು."

"ಗಿಜುನ್ ಮಗಳು."

"ಹೂಂ."

"ನಂಗೆ ಯಾಕೆ ಹೇಳ್ಲಿಲ್ಲ?"

"ಅವನೇ ಹೇಳ್ತೀನಿ ಅಂದ. ಮದುವೆಗೆ ಮುಂಚೆ ಅಂದ. ಆಮೇಲೆ ಹಬ್ಬಕ್ಕೆ ಅಂದ. ಹಣ್ಣು ಕೀಳೋ ವಾರ ಪ್ರತಿ ವರ್ಷ ಬರ್ತಿತ್ತು ಮಗು. ಈ ಸಲ ಬೇಡ ಅಂದ."

ದಿನಾ ಬೆಳಗ್ಗೆ ಗೇಟಿನ ಹತ್ತಿರ. ನಾನು ಅದನ್ನು ನನ್ನ ಸಂತೋಷದ ಲೆಕ್ಕಕ್ಕೆ ಬರೆದುಕೊಂಡಿದ್ದೆ.

"ಆದರೂ ಮೊಹರು ಒತ್ತಿದ್ರಿ."

"ಒತ್ತಿದೆ" ಎಂದರು. ನೆಪ ಹೇಳಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ನವೆಂಬರ್ 1, ಶನಿವಾರ

ನಿನ್ನೆ ರಾತ್ರಿ ಬಂದ. ಇವತ್ತು ಮಧ್ಯಾಹ್ನದ ರೈಲಿಗೇ ವಾಪಸ್ ಹೋದ.

"ಹೇಳ್ಬೇಕಂತಲೇ ಇದ್ದೆ ಸೆರಿನ್."

"ಯಾವಾಗ?"

"ರಿಜಿಸ್ಟರ್ ಆದ್ಮೇಲೆ."

"ಆದ್ಮೇಲೆ ಯಾಕೆ?"

"ಆಗ ನೀನು ಅಷ್ಟು ಸುಲಭಕ್ಕೆ ಬಿಟ್ಟು ಹೋಗಲ್ಲ ಅಂತ" ಎಂದ. ಅಳುತ್ತಿದ್ದ. ಅಳುವಾಗ ಅವನ ಕಿವಿ ಕೆಂಪಾಗುತ್ತದೆ. ಅದನ್ನು ನೋಡಿ ನನಗೆ ಮರುಕ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ: "ಮೊಹರು?"

ಕೊಡಲಿಲ್ಲ.

ನವೆಂಬರ್ 5, ಬುಧವಾರ

ಇಲ್ಲಿನ ಸರಕಾರಿ ಕಚೇರಿಗೆ ಹೋಗಿ ಖಾಲಿ ಫಾರಂ ಒಂದನ್ನು ತಂದೆ. ಕೆಳಗೆ, ಸಣ್ಣ ಅಕ್ಷರದಲ್ಲಿ: ಮೊದಲ ಮದುವೆಯೇ, ಸಂಗಾತಿಯ ಸಾವಿನ ನಂತರದ್ದೇ, ವಿಚ್ಛೇದನದ ನಂತರದ್ದೇ. ಗಂಡನಿಗೆ ಒಂದು ಸಾಲು, ಹೆಂಡತಿಗೆ ಒಂದು. ಟಿಕ್ ಹಾಕಬೇಕು. ಇದಕ್ಕಾಗಿ ಅಷ್ಟು ಕಾಳಜಿ. ಇದಕ್ಕಾಗಿ ಫಾರಂ ಮಡಚಿಟ್ಟದ್ದು.

ಗೂಡಿನ ಕೆಲಸ ನಿಂತಿದೆ. ಎರಡು ದಿನದಿಂದ ಕಡ್ಡಿ ಹೊರುತ್ತಿಲ್ಲ. ಕೆಳಗಿನಿಂದ ನೋಡಿದರೆ ಆಕಾಶ ಕಾಣುತ್ತದೆ. ಕಾಚಿ ಗೂಡಿಗೆ ಮೇಲೆ ಮಾಡು ಇರುತ್ತದೆ, ಇದಕ್ಕಿಲ್ಲ.

ಓಕ್‌ಬುನ್ ಅಜ್ಜಿ ಬೇಲಿ ಹತ್ತಿರ ಬಂದರು. "ಈ ವರ್ಷದ ಮರಿಗಳು ಕಣೇ ಅವು. ಮನೆ ಆಟ ಆಡ್ತಿದ್ವು. ಅದರಲ್ಲಿ ಮೊಟ್ಟೆ ಇಡಲ್ಲ, ಏನೂ ಇಲ್ಲ."

"ಮೊದಲೇ ಹೇಳಬಾರದಿತ್ತಾ ಅಜ್ಜಿ?"

"ನೀನು ಅಷ್ಟು ಖುಷಿಯಾಗಿದ್ದೆ" ಎಂದರು.

ಯಾವುದರ ಬಗ್ಗೆ ಹೇಳಿದರೋ. ಊರಿಗೆಲ್ಲ ಗೊತ್ತಿತ್ತು. ಪ್ರತಿ ವರ್ಷ ಎರಡು ಸಲ ಬಂದು ಓಡಾಡುವ ಮಗು. ಹೊಸ ಸೊಸೆ ಅಂಗಡಿಗೆ ಹೋದಾಗ ಎಲ್ಲರೂ ಎಷ್ಟು ಪ್ರೀತಿಯಿಂದ ನಗುತ್ತಿದ್ದರು.

ನವೆಂಬರ್ 9, ಭಾನುವಾರ

ಅವನು ಬರಲಿಲ್ಲ, ನಾನು ಬಾ ಎನ್ನಲಿಲ್ಲ. ಅಮ್ಮ ಫೋನ್ ಮಾಡಿ ರಿಜಿಸ್ಟರ್ ಯಾವಾಗ ಎಂದಳು. ಅತ್ತೆಯ ಕೈ ಎಂದೆ, ಹಣ್ಣು ಎಂದೆ.

ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಫೋನಿನಲ್ಲಿದ್ದರು. ನನ್ನನ್ನು ನೋಡಿ ದನಿ ತಗ್ಗಿಸಿದರು. ಕೈ ಚಾಚಿದೆ. ಕೊಟ್ಟರು.

"ಹಲೋ? ಅಜ್ಜಿ ಎಲ್ಲಿ?"

"ಇಲ್ಲೇ ಇದಾರೆ. ನಾನು ಸೆರಿನ್."

"ಮನೆ ರಿಪೇರಿ ಮಾಡೋರಾ?"

ಹಾಗೆ ಹೇಳಿಟ್ಟಿದ್ದರು ಮಗುವಿಗೆ. ಅಜ್ಜಿಯ ಮನೆ ರಿಪೇರಿ, ಅದಕ್ಕೇ ಈ ಸಲ ಬರಬಾರದು.

"ಹೂಂ" ಎಂದೆ. "ಸೂರು ರಿಪೇರಿ."

"ಹಂಗಾದ್ರೆ ಮೇಲೆ ನೋಡಿದ್ರಾ? ಕಾಚಿ ನನ್ನ ಹಲ್ಲು ತಗೊಂಡು ಹೋಯ್ತಾ? ನಂಗಿನ್ನೂ ಹೊಸದು ಬಂದಿಲ್ಲ. ಕ್ಲಾಸಲ್ಲಿ ಎಲ್ಲಾರ್ಗೂ ಬಂತು. ಅಪ್ಪ ಸರಿಯಾಗಿ ಎಸಿ ಅಂದ್ರು, ನಾನು ಸರಿಯಾಗೇ ಎಸೆದೆ."

ಹಲ್ಲು ನನ್ನ ಉಂಗುರದ ಡಬ್ಬಿಯಲ್ಲಿದೆ. ಹೌದು, ತಗೊಂಡು ಹೋಯಿತು ಎನ್ನಬಹುದಿತ್ತು. ಈ ಮನೆಯಲ್ಲಿ ಎಲ್ಲರೂ ಅದನ್ನೇ ಮಾಡಿದ್ದು — ಸಮಾಧಾನವಾಗುವಂಥದ್ದು ಹೇಳಿದ್ದು.

"ತಗೊಂಡಿಲ್ಲ. ದೋಣೀಲಿ ಸಿಕ್ಕಿಹಾಕ್ಕೊಂಡಿತ್ತು. ನನ್ನ ಹತ್ರ ಇದೆ."

"ನೀವು ಎಸೀಬೇಡಿ. ನಾನೇ ಎಸೀಬೇಕು, ಇಲ್ಲಾಂದ್ರೆ ನಿಮಗೆ ಬರುತ್ತೆ ಹಲ್ಲು."

ಫೋನು ಅವಳ ತಾಯಿಗೆ ಹೋಯಿತು. ನಾನು ಯಾರೆಂದು ಹೇಳಿದೆ.

"ನಿಮಗೂ ಹೇಳಿರ್ಲಿಲ್ವಾ?" ಎಂದು ಕೇಳಿದಳು. ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ನಿಮಗೂ — ಆ ಪದ ಅರಗಲು ಇಡೀ ಸಂಜೆ ಬೇಕಾಯಿತು ನನಗೆ.

ನವೆಂಬರ್ 11, ಮಂಗಳವಾರ

ಒಂಬತ್ತರಲ್ಲಿ ಮೂರು ಹಣ್ಣು ಮೆತ್ತಗಾಗದೆ ಉಳಿದಿದ್ದವು. ದಾರ ಕಟ್ಟಿ ಮರಕ್ಕೆ ವಾಪಸ್ ತೂಗುಹಾಕಿದೆ, ಏಣಿಗೆ ಎಟುಕುವಷ್ಟು ಎತ್ತರಕ್ಕೆ. ಓಕ್‌ಬುನ್ ಅಜ್ಜಿ ಬೇಲಿ ಹಿಡಿದುಕೊಂಡು ನಕ್ಕರು. ನಗಲಿ.

ಹಕ್ಕಿಗಳು ಬಂದು ನೋಡಿದವು. ಮುಟ್ಟಲಿಲ್ಲ.

ಗಿಜುನ್ ಮೆಸೇಜ್: "ಹದಿನೆಂಟಕ್ಕೆ ಕಚೇರಿಗೆ ಹೋಗೋಣ ಅಂದಿದ್ವಿ. ಈಗಲೂ ನಿನಗೆ ಮನಸ್ಸಿದ್ರೆ." ಮನಸ್ಸಿದೆ. ಅದೇ ಅವಮಾನ. ಇಷ್ಟಾದ ಮೇಲೂ ಇದೆ.

ನವೆಂಬರ್ 13, ಗುರುವಾರ

ಬೆಳಗ್ಗೆ ಆರಕ್ಕೇ ಕೂಗು. ಅತ್ತೆ ಗೇಟಿಗೆ ಹೋಗಲಿಲ್ಲ. ಒಲೆಯ ಮುಂದೆ ಕೂತು, "ಅವನಿಗೆ ಹೇಳ್ದೆ ಮಗೂನ ಕರೆಸೋದು ಸರಿಯಾ ಕೂಸೇ?" ಎಂದರು.

"ನಂಗೆ ಹೇಳ್ದೆ ಮಾಡಿದ್ದು ಸರಿಯಾ?"

ಅತ್ತೆ ಅಕ್ಕಿ ತೊಳೆಯತೊಡಗಿದರು, ಒಂದೇ ಕೈಯಲ್ಲಿ. ನೀರು ಮೂರು ಸಲ ಚೆಲ್ಲಿತು. ಪಾತ್ರೆ ತೆಗೆದುಕೊಂಡೆ. "ಅವಳಿಗೆ ಸೊಪ್ಪಿನ ಸಾರು ಆಗಲ್ಲ. ಮೊಟ್ಟೆ ಬೇಕು" ಎಂದರು.

ಗಿಜುನ್‌ಗೆ ನಾಳೆ ರಾತ್ರಿ ಬಾ ಎಂದಿದ್ದೇನೆ, ಮೊಹರು ಕೊಡುತ್ತೇನೆ ಎಂದು. ಕೊಡುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ನನಗೆ ಬೇಕಾದದ್ದು ಒಂದೇ — ಅವನು ಈ ಜಗಲಿಯಲ್ಲಿ ನಿಂತು, ನನ್ನನ್ನು ತೋರಿಸಿ, ಇವಳು ಯಾರೆಂದು ಮಗಳಿಗೆ ಹೇಳಬೇಕು. ಅವಳನ್ನು ತೋರಿಸಿ ನನಗೂ. ರಿಪೇರಿಯವಳು ಎಂದರೆ ಅದೇ ಸಂಜೆ ಅಮ್ಮನ ಮನೆಗೆ ಹೊರಡುತ್ತೇನೆ. ಬ್ಯಾಗ್ ಕಟ್ಟಿದ್ದೇನೆ. ಮೊಹರು ಕೋಟಿನ ಎಡ ಜೇಬಿನಲ್ಲಿ, ಹಲ್ಲು ಬಲ ಜೇಬಿನಲ್ಲಿ.

ಮಗುವಿನ ತಾಯಿಯ ಮೆಸೇಜ್ ಈಗ ಬಂತು. ಪ್ಲಾಟ್‌ಫಾರಂನಲ್ಲಿ ಬಿಟ್ಟು ಮುಂದಿನ ರೈಲಿಗೆ ವಾಪಸ್ ಹೋಗುತ್ತಾಳಂತೆ, ಮನೆಗೆ ಬರುವುದಿಲ್ಲವಂತೆ. ಸೋದಮ್ ಬರುವುದು ಶನಿವಾರ, ದೇಗುನಿಂದ ಬರುವ ಮುಗುಂಗ್ವಾ ರೈಲು, ಹನ್ನೊಂದು ಹದಿನೇಳಕ್ಕೆ.