ಅಪ್ಪನ ಕತ್ತರಿ

ಅಪ್ಪಾ,

ಓದಲು ನೀವಿಲ್ಲ, ಅದಕ್ಕೇ ಬರೆಯುವ ಧೈರ್ಯ.

ಇವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ಹೊಸ ಕೆಲಸದಾಕೆಯ ಕೈಯಿಂದ ಕತ್ತರಿ ಕಿತ್ತುಕೊಂಡೆ, ಥೇಟ್ ನಿಮ್ಮ ಹಾಗೆ. ಅವಳು ಇಂಗ್ಲಿಷಿನಲ್ಲಿ 'ಬಾಸಿ' ಎಂದು ಗೊಣಗಿದಳು. ಹಾಗೆಂದರೇನು ಎಂದು ಕೇಳಿದೆ.

"ಎಲ್ಲಾ ತಾನು ಹೇಳ್ದಂಗೇ ಆಗ್ಬೇಕು ಅಂತ ದರ್ಬಾರು ಮಾಡೋರು, ಅಕ್ಕಾ."

"ನಮ್ಮಪ್ಪನೂ ಹೀಗೇ ಕಿತ್ಕೊಳ್ತಿದ್ರು. ಅವರೂ ಬಾಸೀನಾ?"

"ಗಂಡಸರಿಗೆ ಯಾರು ಹಾಗಂತಾರೆ? ಅವರಿಗೆ ಸ್ಟ್ರಿಕ್ಟು ಅಂತಾರೆ."

ಹೌದು, ನಿಮ್ಮನ್ನು ಎಲ್ಲರೂ ಶಿಸ್ತಿನ ಮನುಷ್ಯ ಎಂದೇ ಹೊಗಳಿದರು. ಆ ಶಿಸ್ತಿನಲ್ಲಿ ನಾನು, ನೀವು ಸಾಯುವವರೆಗೂ, ಕತ್ತರಿ ಕೈಗೆ ಸಿಗದೆ ಬರೀ ಗುಂಡಿ ಹೊಲಿಯುತ್ತಲೇ ಕೂತಿದ್ದೆ.

ಕತ್ತರಿ ಅವಳಿಗೇ ವಾಪಸ್ ಕೊಟ್ಟೆ. ಸೊಟ್ಟಗೆ ಕತ್ತರಿಸಿದಳು. ಒಂದು ತೋಳಿನ ಬಟ್ಟೆ ಹಾಳಾಯಿತು. ಅಷ್ಟೇ ಅಪ್ಪಾ, ಅಂಗಡಿಯೇನೂ ಮುಳುಗಲಿಲ್ಲ.