ಮೂರು ಕೋಲು, ಒಂದು ಕಾಟ್ಲ

ಮೀಂಜ
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಮಹೇಶ್ವರ,

ನಿನಗೂ ಮೂಕಾಂಬಿಕಕ್ಕನಿಗೂ ನಮಸ್ಕಾರ. ನೀನು ಕೋಲುಗಳನ್ನು ಕಳಿಸಿ ಹದಿನೆಂಟು ದಿನವಾಯಿತು. ತಲುಪಿತು ಎಂದು ಒಂದು ಮಾತೂ ಹೇಳದ ನನ್ನನ್ನು ಬೈದಿರುತ್ತೀಯ. ಬೈದದ್ದು ನ್ಯಾಯವೇ. ಫೋನು ಮಾಡೋಣವೆಂದರೆ ನಿನ್ನ ಕಿವಿಗೆ ನಾನು ಕೂಗಿ ಹೇಳಬೇಕು, ಕೂಗಿದರೆ ಒಳಗಿರುವ ಜೋಸ್ಫಿನ್‌ಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ನಲವತ್ತು ವರ್ಷ ಪಂಪು ರಿಪೇರಿ ಮಾಡಿದ ಕೈ ಇದು, ಅಕ್ಷರ ಸೊಟ್ಟಗಿದ್ದರೆ ಶಾಲೆಯಲ್ಲಿ ಮಾಸ್ಟ್ರಾಗಿದ್ದ ನೀನು ಕ್ಷಮಿಸಬೇಕು.

ನೆರೆಮನೆಯ ಪ್ರವೀತನ ಜೀಪಿನಲ್ಲಿ ಮೂರೂ ಕೋಲು ಸುರಕ್ಷಿತವಾಗಿ ಬಂದವು. ಜೊತೆಗೆ ನಿನ್ನ ಚೀಟಿ: ಮೂರನ್ನೂ ಹಿಡಿದು ನೋಡು, ಕೈಗೆ ಒಗ್ಗಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಳಿಸು. ಮೀನು ತಿನ್ನದ ಭಟ್ಟರ ಮನೆಯವನು ಗಾಳದ ಕೋಲು ಕಡಿಯುತ್ತಾನೆ ಎಂದು ನಮ್ಮ ಕ್ಲಾಸಿನವರು ಆಗಲೇ ನಗುತ್ತಿದ್ದರು. ನೀನು ಮೀನು ಹಿಡಿದು, ಬಾಯಿಂದ ಗಾಳ ಬಿಡಿಸಿ, ಪುನಃ ಹೊಳೆಗೇ ಬಿಡುತ್ತಿದ್ದೆ. “ಬಿಡುವುದಾದರೆ ನನ್ನ ಚೀಲಕ್ಕೆ ಬಿಡು ಮಾರಾಯ” ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಈಗ ಗಾಯವಾಗದಂತೆ ಒಂದು ಮೀನು ಹಿಡಿಯಬೇಕಾಗಿ ಬಂದಾಗ ನಿನ್ನನ್ನು ಬಿಟ್ಟು ಯಾರೂ ನೆನಪಾಗಲಿಲ್ಲ.

ಕೋಲು ಕೇಳಲು ಅವತ್ತು ಪೇಟೆಯಿಂದ ಫೋನು ಮಾಡಿದಾಗ ನೀನು ಅರ್ಧ ಕೇಳಿಸಿಕೊಂಡು ಹೂಂಗುಟ್ಟಿದ್ದೆ, ಆದ್ದರಿಂದ ಸರಿಯಾಗಿ ಬರೆಯುತ್ತೇನೆ. ನಮ್ಮ ಕೀತ್ ಹೋಗಿ ಮಾರ್ಚ್ ಮೂರಕ್ಕೆ ವರ್ಷವಾಗುತ್ತದೆ. ಮನೆಯ ಹಿಂದೆ ಕೆಂಪುಕಲ್ಲು ಕಡಿದ ಹಳೆಯ ಕೋರೆಯಲ್ಲಿ, ಮೂರಾಳು ಆಳದ ನೀರಿನಲ್ಲಿ, ಇಪ್ಪತ್ತನಾಲ್ಕು ವರ್ಷದ ಮಗ ಹೋದ. ಪಂಚಾಯತಿನವರು ಕೊಟ್ಟ ಐವತ್ತು ಮೀನುಮರಿಗಳನ್ನು ಅವನು ಆ ನೀರಿಗೆ ಬಿಟ್ಟಿದ್ದ. ನೀರುನಾಯಿ ತಿಂದು, ನಾವು ತಿಂದು, ಉಳಿದದ್ದು ಒಂದೇ ಒಂದು ಕಾಟ್ಲ. ಗೆಂಡೆ ಜಾತಿಯ ಮೀನು ಎಷ್ಟು ಬೆಳೆಯುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಏಳು ಕಿಲೋಗೆ ಕಡಿಮೆ ಇಲ್ಲ.

ಅವನ ಅಮ್ಮ ಜೋಸ್ಫಿನ್ ದಿನಾ ಸಂಜೆ ಅಲ್ಲಿಗೆ ಹೋಗುತ್ತಾಳೆ. ಹಿಂದೆ ಕಲ್ಲು ಹೊರುವವರು ಇಳಿಯುತ್ತಿದ್ದ ನಾಲ್ಕು ಮೆಟ್ಟಿಲು ಒಂದು ಮೂಲೆಯಲ್ಲಿ ಉಂಟು, ಕೊನೆಯ ಮೆಟ್ಟಿಲಿನಲ್ಲಿ ಕುಳಿತು “ಪುತಾ” ಎಂದು ಕರೆಯುತ್ತಾಳೆ. ನಮ್ಮ ಕೊಂಕಣಿಯಲ್ಲಿ ಮಗನನ್ನು ಕರೆಯುವ ಮಾತು. ಆ ಮೀನು ಬರುತ್ತದೆ ಮಹೇಶ, ಅವಳ ಕೈಯಿಂದ ಅನ್ನ ತಿನ್ನುತ್ತದೆ. ಅವಳ ಮಧ್ಯಾಹ್ನದ ಅನ್ನ ಅದಕ್ಕೆ, ಅವಳ ಮಾತೆಲ್ಲ ಅದಕ್ಕೆ. ಮನೆಯಲ್ಲಿ ನನ್ನೊಡನೆ ಮಾತು ಬರೀ ಉಪ್ಪು, ಸೋಪು, ಕರೆಂಟು ಬಿಲ್ಲು.

ಕಳೆದ ತಿಂಗಳು ಅಲ್ಲಿಯೇ ಅವಳಿಗೆ ತಲೆ ತಿರುಗಿ ಅರ್ಧ ಮೈ ನೀರಿಗೆ ಹೋಯಿತು. ನಾನು ಜಡೆ ಹಿಡಿದು ಎಳೆದೆ. ಕೂದಲು ಕೈಯಲ್ಲಿ ಬಂತು, ಅವಳು ಬಯ್ಯಲೂ ಇಲ್ಲ. ಬೇಲಿ ಹಾಕಿದೆ, ಕಿತ್ತಳು. ಡಾಕ್ಟರು ಮಾತ್ರೆ ಕೊಟ್ಟರು, ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಳು. ಫಾದರ್ ಬಂದು ಒಂದು ಗಂಟೆ ಸಮಾಧಾನ ಹೇಳಿದರು. ಅವರಿಗೆ ಕಾಫಿ ಕೊಟ್ಟು ಕಳಿಸಿ ಕೋರೆಗೆ ಹೋದಳು. ನನಗೆ ಹೆದರಿಕೆ ಮಾರಾಯ. ಉಳಿದಿರುವುದು ಅವಳೊಬ್ಬಳು, ಅವಳಿಗೆ ಈಜು ಬಾರದು. ಆ ಮೀನು ಅಲ್ಲಿಂದ ಹೋದರೆ ಅವಳು ಮೆಟ್ಟಿಲು ಇಳಿಯುವುದು ನಿಲ್ಲುತ್ತದೆ ಎಂದು ನನ್ನ ಲೆಕ್ಕ. ಅದಕ್ಕೇ ಆ ಮೀನಿಗೆ ನಿನ್ನ ಕೆರೆಯಲ್ಲಿ ಜಾಗ ಕೇಳಿದ್ದು.

ಬಲೆ ಹಾಕಿದರೆ ಹತ್ತು ನಿಮಿಷದ ಕೆಲಸ ಎಂದು ಪ್ರವೀತ ಹೇಳಿದ. ಕೀತ್‌ನನ್ನು ಮೇಲೆ ತಂದದ್ದು ಬಲೆ. “ಇನ್ನು ಈ ನೀರಿಗೆ ಬಲೆ ಬೀಳಬಾರದು” ಎಂದು ಜೋಸ್ಫಿನ್ ಅವತ್ತೇ ಹೇಳಿದ್ದಾಳೆ. ಅವಳು ಹೇಳದಿದ್ದರೂ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಪೇಟೆಯಲ್ಲಿ ಸಿಗುವ ಫೈಬರ್ ಕೋಲು ತಂದು ನೋಡಿದೆ. ಅದರ ಚಕ್ರ ಕರ್ರೆಂದದ್ದೇ ತಡ, ಮೀನು ಎರಡು ದಿನ ಮೇಲೆ ಬರಲಿಲ್ಲ. ಎರಡು ದಿನ ಜೋಸ್ಫಿನ್ ನೀರೂ ಮುಟ್ಟಲಿಲ್ಲ.

ಇನ್ನು ನಿನ್ನ ಕೋಲುಗಳ ವಿಷಯ. ಮೊದಲು ಬೆತ್ತ ಹಿಡಿದೆ. ಕೈಗೆ ಮೆತ್ತಗೆ, ಚಂದ. ಆದರೆ ಅದು ಬಗ್ಗುವುದರಲ್ಲಿ ಹುಷಾರು, ಏಳುವುದರಲ್ಲಿ ಸೋಮಾರಿ. ಕಾಟ್ಲ ಹಿಟ್ಟಿನ ಉಂಡೆ ಬಾಯಿಗೆ ಹಾಕಿಕೊಂಡಿತು, ನಾನು ಎತ್ತಿದೆ, ಬೆತ್ತ ಯೋಚನೆ ಮಾಡುತ್ತಾ ನಿಂತಿತು, ಮೀನು ಉಗುಳಿ ಹೋಯಿತು. ಆಮೇಲೆ ವಾಟೆ ಬಿದಿರಿನದು. ಅಷ್ಟು ಹಗುರ, ಅಷ್ಟು ಉದ್ದ, ಪೊದೆಯ ಹಿಂದೆ ಮಲಗಿಕೊಂಡೇ ನೀರಿನ ನಡುವಿಗೆ ತಲುಪುತ್ತದೆ. ಅದರಲ್ಲೇ ಆಗಬಹುದಿತ್ತು, ಮೂರನೆಯ ಗಂಟಿನಲ್ಲಿ ಸೀಳಿತು. ತಪ್ಪು ನಿನ್ನದಲ್ಲ, ಬಿಸಿಲಿನಲ್ಲಿ ಮರೆತವನು ನಾನು. ಉಳಿದದ್ದು ಕಿರುಬಿದಿರು. ಒಳಗೆ ಪೊಳ್ಳಿಲ್ಲ, ನೀನು ಹೊಗೆ ಅಟ್ಟದಲ್ಲಿ ಒಣಗಿಸಿದ ಬಣ್ಣ, ಬುಡದಲ್ಲಿ ಭಾರ, ತುದಿಯಲ್ಲಿ ಮಾತ್ರ ಬಳುಕು. ಕೈಯಲ್ಲಿ ಹಿಡಿದ ಕೂಡಲೇ ಇದೇ ಎಂದು ಗೊತ್ತಾಯಿತು.

ಆದರೆ ಮೀನಿಗೆ ನನ್ನನ್ನು ಕಂಡರಾಗದು. ನನ್ನ ನೆರಳು ಬಿದ್ದರೆ ಸಾಕು, ಅಡಿಗೆ ಹೋಗುತ್ತದೆ. ಹದಿನೈದು ದಿನ ಬೆಕ್ಕಿನ ಹಾಗೆ ನಡೆದೆ, ಬರಿಗಾಲಲ್ಲಿ ನಡೆದೆ, ತೆವಳಿದೆ. ಈ ವಯಸ್ಸಿನಲ್ಲಿ ಮೊಣಕಾಲು ಸುಲಿದುಕೊಂಡು ಮನೆಗೆ ಬಂದರೆ ಹೆಂಡತಿಗೆ ಎಂತ ಹೇಳುವುದು? ಬೈಕಿನಿಂದ ಬಿದ್ದೆ ಎಂದೆ. “ಬೈಕು ರಿಪೇರಿಗೆ ಕೊಟ್ಟು ವಾರ ಆಯ್ತಲ್ಲ” ಎಂದಳು.

ನಿನ್ನೆ ಭಾನುವಾರ ಪ್ರವೀತ ಅವಳನ್ನು ಇಗರ್ಜಿಗೆ ಕರೆದುಕೊಂಡು ಹೋದ. ಅವಳನ್ನು ಬಿಟ್ಟು, ಮೀನು ಹಾಕಿದ ಡ್ರಮ್ಮು ಒಯ್ಯಲು ಅವನು ಬರಬೇಕೆಂದು ಮಾತಾಗಿತ್ತು. ಜ್ವರವೆಂದು ನಾನು ಉಳಿದುಕೊಂಡೆ. ಇನ್ನು ಬರೆಯುವುದನ್ನು ನೀನು ಓದಿ ಹರಿದುಹಾಕು, ಮೂಕಾಂಬಿಕಕ್ಕನಿಗೂ ಹೇಳಬೇಡ. ನಾನು ಜೋಸ್ಫಿನ್‌ಳ ನೈಟಿ ಹಾಕಿಕೊಂಡೆ. ತಲೆಗೆ ಅವಳು ಮೈ ಒರಸುವ ಬೈರಾಸು ಹೊದ್ದೆ, ಅವಳ ಚಪ್ಪಲಿಯಲ್ಲಿ ಅರ್ಧ ಪಾದ ತೂರಿಸಿದೆ. ಯಾರಾದರೂ ಕಂಡಿದ್ದರೆ ಲೆಸ್ಲಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು, ಸುಳ್ಳೂ ಆಗುತ್ತಿರಲಿಲ್ಲ. ಮೀನಿನ ಬಾಯಿ ಹರಿಯದಿರಲೆಂದು ಗಾಳದ ಒಳಮುಳ್ಳನ್ನು ನೀನು ಕಲಿಸಿದ ಹಾಗೆ ಉಜ್ಜಿ ತೆಗೆದಿದ್ದೆ. ಮೆಟ್ಟಿಲಿನಲ್ಲಿ ಅವಳಂತೆ ಕುಳಿತು, ಅನ್ನದ ಉಂಡೆ ಇಳಿಬಿಟ್ಟು ಕಾದೆ. ಬರಲಿಲ್ಲ. ಅರ್ಧ ಗಂಟೆಯಾದರೂ ಬರಲಿಲ್ಲ. ಇಗರ್ಜಿಯಲ್ಲಿ ಪೂಜೆ ಮುಗಿಯುವ ಹೊತ್ತಾಗುತ್ತಾ ಬಂತು. ಕೊನೆಗೆ ಬೇರೆ ದಾರಿ ಕಾಣದೆ ನಾನೂ ಕರೆದೆ.

“ಪುತಾ” ಎಂದೆ. ಹನ್ನೊಂದು ತಿಂಗಳಲ್ಲಿ ನನ್ನ ಬಾಯಿಂದ ಆ ಮಾತು ಬಂದಿರಲಿಲ್ಲ. ಇನ್ನೊಮ್ಮೆ ಕರೆದೆ. ಅದು ಬಂತು.

ಉಂಡೆ ನುಂಗಿತು, ಎಳೆಯಿತು. ಕಿರುಬಿದಿರು ತುದಿಯಿಂದ ನಡುವಿನವರೆಗೆ ಬಾಗಿ ಅಲ್ಲಿ ನಿಂತಿತು. ಮುರಿಯಲಿಲ್ಲ, ಬಿಡಲಿಲ್ಲ. ಎರಡು ಸುತ್ತು ಹೊಡೆದು, ಸುಸ್ತಾಗಿ, ಅದು ಮೆಟ್ಟಿಲ ಹತ್ತಿರ ಮಗ್ಗುಲಾಯಿತು. ಗಾಳ ಬಿಡಿಸಿದೆ, ತುಟಿಯಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ. ಎರಡು ಕೈಯಲ್ಲಿ ಎತ್ತಿಕೊಂಡೆ. ಡ್ರಮ್ಮು ಮಾರು ದೂರದಲ್ಲಿತ್ತು, ಮೇಲೆ ಜೀಪು ನಿಂತ ಸದ್ದೂ ಕೇಳಿತು. ಆ ಮೀನು ಬಾಯಿ ತೆರೆದು ಮುಚ್ಚುತ್ತಾ ನನ್ನನ್ನು ನೋಡುತ್ತಿತ್ತು. ನನ್ನ ಕೈ ಕೆಳಗಾಯಿತು, ಮೀನು ನೀರಿಗೆ ಹೋಯಿತು. ಜಾರಿತು ಎಂದು ಪ್ರವೀತನಿಗೆ ಹೇಳಿದೆ. ಅವನು ನೈಟಿ ನೋಡಿದ, “ಒಳಗೆ ಬನ್ನಿ ಅಂಕಲ್, ಚಳಿ ಆಗ್ತದೆ” ಎಂದ.

ಒದ್ದೆ ನೈಟಿ ಹಗ್ಗದಲ್ಲಿ ಕಂಡು ಜೋಸ್ಫಿನ್ “ನಿಮಗೆ ಎಂತ ಆಗಿದೆ?” ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಕೇಳಿದ ಮಾತು. “ಒಗೆದು ಹಾಕಿದೆ, ನಿನಗೆ ಒಗೆಯಲು ಆಗುವುದಿಲ್ಲವಲ್ಲ” ಎಂದೆ. ಅವಳು ಒಳಗೆ ಹೋದಳು.

ಆದ್ದರಿಂದ ಮಹೇಶ, ಬೆತ್ತ ಮತ್ತು ಸೀಳಿದ ವಾಟೆಯನ್ನು ಕಳಿಸುತ್ತಿದ್ದೇನೆ. ಕಿರುಬಿದಿರು ಇಲ್ಲಿಯೇ ಇರಲಿ, ಹಿಡಿಯಲು ನೀನು ಬಾ. ಮೀನು ನೋಡಿ ಕೋಲು ಆರಿಸಬಾರದು, ಹಿಡಿಯುವವನ ಕೈ ನೋಡಿ ಆರಿಸಬೇಕು ಎಂದು ನೀನು ಹೇಳುತ್ತಿದ್ದೆ. ನನ್ನ ಕೈಗೆ ತಕ್ಕ ಕೋಲು ನಿನ್ನ ಅಟ್ಟದಲ್ಲೂ ಇಲ್ಲ. ಕೀತ್‌ನ ವರ್ಷದ ಪೂಜೆಗೆ ಮೊದಲು ಬಾ. ಕೈಮುಗಿದು ಕೇಳುತ್ತಿದ್ದೇನೆ.

ಮೂಕಾಂಬಿಕಕ್ಕನ ಕಾಲುನೋವು ಇಳಿಯಲಿ. ದೇವರು ನಿಮ್ಮ ಮನೆಯ ಬಾಗಿಲಿಗೆ ಇಂಥ ದಿನ ತರದಿರಲಿ.

ನಿನ್ನ
ಲೆಸ್ಲಿ

ಮತ್ತೆ: ಅಂಟು ಹಚ್ಚಿದ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಕೀತ್ ಕಾಲು ಜಾರಿ ಬಿದ್ದ ಎಂದು ಊರು ನಂಬಿದೆ. ಪೊಲೀಸರಿಗೆ, ಫಾದರಿಗೆ, ಜೋಸ್ಫಿನ್‌ಗೆ ನಾನು ಹಾಗೆಯೇ ಹೇಳಿದ್ದು. ಅವನು ಜಾರಲಿಲ್ಲ ಮಹೇಶ. ಕೋರೆಯ ನೀರಿನಡಿಯಲ್ಲಿರುವ ಪಂಪಿನ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಏರುತ್ತಿರಲಿಲ್ಲ, ಮುಳುಗಿ ತೆಗೆ ಎಂದೆ. “ಇವತ್ತು ಬೇಡ ಪಪ್ಪಾ, ಎದೆ ಹಿಡಿದ ಹಾಗೆ ಉಂಟು, ನಾಳೆ ಇಳೀತೇನೆ” ಎಂದ. “ಕೆಲಸ ಅಂದ ಕೂಡಲೇ ನಿನಗೆ ಎದೆ ಹಿಡೀತದೆ” ಎಂದು ಗದರಿದೆ. ಅವನು ಅಂಗಿ ಬಿಚ್ಚಿ, ಮಡಚಿಟ್ಟು, ಇಳಿದ. ಜೋಸ್ಫಿನ್ ಮೀನಿಗೆ ಹೇಳುವ ಮಾತು ಬೇರೆ ಏನೂ ಅಲ್ಲ. ದಿನಾ ಅನ್ನ ಹಾಕುತ್ತಾ ಒಂದೇ ಕೇಳುತ್ತಾಳೆ: ನೀರಿನ ಹತ್ತಿರ ಯಾಕೆ ಹೋದೆ ಪುತಾ, ನಿನಗೆ ಅಲ್ಲಿ ಎಂತ ಕೆಲಸ ಇತ್ತು? ಅವಳು ಬಿದ್ದಾಳೆಂಬ ಹೆದರಿಕೆ ಇರುವುದು ನಿಜ. ಆದರೆ ಮೀನು ಹೋಗಲಿ ಎಂದು ನಾನು ಒದ್ದಾಡಿದ್ದು ಆ ಪ್ರಶ್ನೆ ಕೇಳಲಾರದೆ. ಇವತ್ತು ಸಂಜೆಯೂ ಕೇಳಿದಳು. ಇಳಿಬಿಸಿಲು ಇನ್ನೂ ಜೋರಾಗಿತ್ತು, ನಾನು ಅವಳ ಹಿಂದೆ ಕೊಡೆ ಹಿಡಿದು ನಿಂತಿದ್ದೆ.